ಕುರ್ಚಿಯನ್ನು ಕೇಳಿ ಬಂದವಳು

ಬೆಳಗಾದರೆ ಮೊದಲು ಕೇಳುವುದು ಗರಗಸ. ಅವಳ ಮನೆಯ ಹಿತ್ತಿಲ ಗೋಡೆಯ ಆಚೆಗೆ ಮರ ಕೊಯ್ಯುವ ಮಿಲ್ಲು. ಮೊದಲಿಗೆ ಬ್ಲೇಡು ಖಾಲಿ ತಿರುಗುತ್ತದೆ. ಆಗ ಸದ್ದು ತೆಳುವಾಗಿ, ಯಾರೋ ಒಂದೇ ಸ್ವರ ಹಿಡಿದು ಉಸಿರು ಬಿಡದೆ ನಿಂತ ಹಾಗಿರುತ್ತದೆ. ದಿಮ್ಮಿ ಹಲ್ಲಿಗೆ ತಾಗಿದ್ದೇ ಸ್ವರ ಕೆಳಗಿಳಿದು ದಪ್ಪಗಾಗುತ್ತದೆ. ಅಡುಗೆಮನೆಯ ಗೂಡಿನಲ್ಲಿ ಮಗುಚಿಟ್ಟ ಸ್ಟೀಲಿನ ಲೋಟಗಳು ಒಂದಕ್ಕೊಂದು ಮೆಲ್ಲಗೆ ತಾಗುತ್ತವೆ. ಮರದ ಹುಡಿ ಕಿಟಕಿಯ ಸರಳಿನ ಮೇಲೆ ಬಂದು ಕೂರುತ್ತದೆ, ಒರೆಸಿದರೆ ಮತ್ತೆ ಬಂದು ಕೂರುತ್ತದೆ.

ಈ ಸದ್ದಿನಲ್ಲೇ ಅವಳು ಎದ್ದು, ಅತ್ತೆಯ ಮಂಡಿಗೆ ಎಣ್ಣೆ ತಿಕ್ಕಿ, ಗಂಡನ ಬುತ್ತಿ ಕಟ್ಟಿ, ಬಿಳಿಯ ಅರ್ಧ ಕೋಟನ್ನು ಚೀಲದಲ್ಲಿ ಮಡಚಿಟ್ಟುಕೊಂಡು ಹೊರಡುತ್ತಿದ್ದಳು. ಕೋಟನ್ನು ಮನೆಯಿಂದಲೇ ತೊಟ್ಟು ಹೋಗುವ ಅಭ್ಯಾಸ ಅವಳಿಗಿರಲಿಲ್ಲ. ಬೀದಿಯಲ್ಲಿ ಡಾಕ್ಟರಂತೆ ಕಾಣುವುದು ಅವಳಿಗೆ ಬೇಡವಾಗಿತ್ತು.

ಅವಳು ಡಾಕ್ಟರಲ್ಲ. ನರ್ಸೂ ಅಲ್ಲ. ಓದಿದ್ದು ವೈದ್ಯ ಸಹಾಯಕರ ಕೋರ್ಸು. ರೋಗಿಯ ಎದೆಗೆ ಸ್ಟೆತಾಸ್ಕೋಪ್ ಇಟ್ಟು ಕೇಳಬಹುದು, ಹೊಟ್ಟೆ ಒತ್ತಿ ನೋಡಬಹುದು, ಗಾಯಕ್ಕೆ ಹೊಲಿಗೆ ಹಾಕಬಹುದು, ಆದರೆ ಒಂದು ಮಾತ್ರೆ ಬರೆಯಬೇಕೆಂದರೂ ಡಾಕ್ಟರರ ಅಪ್ಪಣೆ ಬೇಕು, ಅವರ ಸಹಿ ಬೇಕು. ಇದನ್ನು ಬೀದಿಯವರಿಗೆ ವಿವರಿಸಿ ವಿವರಿಸಿ ಸಾಕಾಗಿ ಅವಳು ಕೈಬಿಟ್ಟಿದ್ದಳು. ಅತ್ತೆ ಮಾತ್ರ ಒಂದೇ ಮಾತಿನಲ್ಲಿ ಮುಗಿಸುತ್ತಿದ್ದಳು.

"ನಮ್ಮ ಸೊಸೆ ಬಾವಲಿ ಇದ್ದ ಹಾಗೆ. ಹಕ್ಕಿಗಳ ಸಭೇಲಿ ಪ್ರಾಣಿ, ಪ್ರಾಣಿಗಳ ಸಭೇಲಿ ಹಕ್ಕಿ."

ಜನ ಅವಳಿಗೆ ಅಸಿಸ್ಟೆಂಟಮ್ಮ ಎಂದು ಹೆಸರಿಟ್ಟಿದ್ದರು. ಅದು ಹೆಸರೂ ಹೌದು, ಪದವಿಯೂ ಹೌದು.

ಕ್ಲಿನಿಕ್ಕು ಬಸ್ ನಿಲ್ದಾಣದ ಹಿಂದೆ, ಹಳೆಯ ಅಂಚೆ ಕಚೇರಿಯ ಕಟ್ಟಡದಲ್ಲಿ. ಮುಂದಿನ ಕೋಣೆಯಲ್ಲಿ ಗೋಡೆಗೆ ತಾಗಿ ಎರಡು ಬೆಂಚು, ನಡುವೆ ಅವಳ ಮೇಜು, ಪಕ್ಕದಲ್ಲಿ ರೆಕ್ಸಿನ್ ಹರಿದ ಪರೀಕ್ಷೆಯ ಮಂಚ. ಹಿಂದಿನ ಕೋಣೆಗೂ ಮುಂದಿನ ಕೋಣೆಗೂ ನಡುವೆ ಬಾಗಿಲಿಲ್ಲ, ತೊಳೆದು ತೊಳೆದು ಬಣ್ಣ ಹೋದ ಹಸಿರು ಪರದೆ. ಪರದೆಯ ಹಿಂದೆ ಡಾಕ್ಟರು. ವಯಸ್ಸಾದವರು, ಒಳ್ಳೆಯವರು, ಮಾತು ಕಡಿಮೆ. ಬೆತ್ತದ ಕುರ್ಚಿಯಲ್ಲಿ ಕೂತು, ಕೈಯಲ್ಲಿ ಭೂತಗನ್ನಡಿ ಹಿಡಿದು ಪತ್ರಿಕೆಯ ಪದಬಂಧ ಬಿಡಿಸುವುದು ಅವರ ರೂಢಿ.

ಕೆಲಸ ನಡೆಯುವ ಬಗೆ ಹೀಗಿತ್ತು. ಅವಳು ರೋಗಿಯನ್ನು ನೋಡುವಳು. ನೋಡಿ, "ಒಂದು ನಿಮಿಷ, ಕೇಳ್ಕೊಂಡು ಬರ್ತೀನಿ" ಎಂದು ಪರದೆಯ ಹಿಂದೆ ಹೋಗುವಳು. ಕಂಡದ್ದನ್ನು ಡಾಕ್ಟರಿಗೆ ಹೇಳುವಳು. ಡಾಕ್ಟರು ಪದಬಂಧದಿಂದ ತಲೆ ಎತ್ತದೆ, "ನಿನಗೇನನ್ನಿಸ್ತು?" ಎನ್ನುವರು. ಅವಳು ಅನ್ನಿಸಿದ್ದನ್ನು ಹೇಳುವಳು. ಅವರು ತಲೆಯಾಡಿಸಿ ಚೀಟಿಗೆ ಸಹಿ ಹಾಕುವರು; ಒಮ್ಮೊಮ್ಮೆ ಒಂದು ಮಾತ್ರೆ ಬದಲಿಸುವರು, ಅಪರೂಪಕ್ಕೆ ಎದ್ದು ಬಂದು ತಾವೇ ನೋಡುವರು. ಅವಳು ಹೊರಗೆ ಬಂದು, "ಡಾಕ್ಟರು ಹೇಳಿದ್ರು" ಎಂದು ಶುರುಮಾಡಿ ಮಿಕ್ಕದ್ದನ್ನು ಹೇಳುವಳು. ಆ ಮಾತಿನಿಂದ ಶುರುವಾದ ಯಾವುದನ್ನೂ ಬೆಂಚಿನವರು ಮೀರುತ್ತಿರಲಿಲ್ಲ. ಬೀಡಿ ಬಿಟ್ಟವರಿದ್ದರು, ಉಪ್ಪು ಬಿಟ್ಟವರಿದ್ದರು. ಹೆಂಡತಿಯ ಮೇಲೆ ಕೂಗಾಡುವುದನ್ನು ಬಿಟ್ಟ ಒಬ್ಬ ಲಾರಿ ಡ್ರೈವರೂ ಇದ್ದ, ರಕ್ತದೊತ್ತಡಕ್ಕೆ ಒಳ್ಳೆಯದಲ್ಲವೆಂದು ಡಾಕ್ಟರು ಹೇಳಿದ್ದಾರೆ ಎಂದದ್ದಕ್ಕೆ. ಡಾಕ್ಟರು ಅದನ್ನು ಹೇಳಿರಲಿಲ್ಲ.

ವರ್ಷಗಳು ಕಳೆದಂತೆ ಆ ಮಾತು ಅವಳ ನಾಲಿಗೆಗೆ ಅಂಟಿಬಿಟ್ಟಿತು. ಮನೆಯಲ್ಲೂ ಅದೇ. ಒಮ್ಮೆ ಗಂಡನಿಗೆ, "ಡಾಕ್ಟರು ಹೇಳಿದ್ರು, ಬಚ್ಚಲಿಗೆ ಹೊಸ ಬಲ್ಬು ಹಾಕ್ಬೇಕಂತೆ" ಎಂದಳು. ಗಂಡ ಮೋಟಾರ್ ರಿವೈಂಡಿಂಗ್ ಅಂಗಡಿಯವ. ತಾಮ್ರದ ತಂತಿ ಸುತ್ತಿ ಸುತ್ತಿ ಅವನ ಮಾತೂ ನಿಧಾನ.

"ಊಟಕ್ಕೆ ಮುಂಚೆನೋ, ಆಮೇಲೋ?" ಎಂದು ಕೇಳಿದ.

ಕಾನೂನು ಬದಲಾದ ಸುದ್ದಿ ಬಂದದ್ದು ಚಳಿಗಾಲದ ಮೊದಲಲ್ಲಿ. ವೈದ್ಯ ಸಹಾಯಕರ ಸಂಘ ಬಹಳ ವರ್ಷ ಕೇಳುತ್ತಿತ್ತು, ಡಾಕ್ಟರುಗಳ ಸಂಘ ಅಷ್ಟೇ ವರ್ಷ ಬೇಡವೆನ್ನುತ್ತಿತ್ತು. ಕೊನೆಗೆ ವಿಧಾನಸಭೆಯಲ್ಲಿ ಕೈಗಳು ಎದ್ದವು, ಪಾಸಾಯಿತು. ಅನುಭವವಿರುವ ಸಹಾಯಕರು ಇನ್ನು ತಮ್ಮ ಹೆಸರಿನಲ್ಲೇ ಮಾತ್ರೆ ಬರೆಯಬಹುದು, ತಮ್ಮದೇ ಸಹಿ ಹಾಕಬಹುದು. ಡಾಕ್ಟರಿಲ್ಲದ ಕಡೆ, ತಾವು ಒಪ್ಪಿದರೆ, ಕ್ಲಿನಿಕ್ಕನ್ನೇ ನಡೆಸಬಹುದು. ತಪ್ಪಾದರೆ ಉತ್ತರವನ್ನೂ ತಾವೇ ಕೊಡಬೇಕು.

ಸುದ್ದಿಯನ್ನು ಓದಿ ಹೇಳು ಎಂದು ಡಾಕ್ಟರು ಅವಳಿಗೇ ಪತ್ರಿಕೆ ಕೊಟ್ಟರು. ಓದಿ ಮುಗಿಸಿದಾಗ, "ಸರಿಯಾದ ಹೊತ್ತಿಗೆ ಬಂತು" ಎಂದರು. ಅವರ ಕಣ್ಣು ಕೆಡುತ್ತಿತ್ತು. ಪೊರೆಯಾಗಿದ್ದರೆ ತೆಗೆಯಬಹುದಿತ್ತು, ಇದು ಕಣ್ಣಿನ ಹಿಂಬದಿಯದು, ನಡುವಿನ ದೃಷ್ಟಿಯನ್ನೇ ತಿನ್ನುವಂಥದ್ದು. ವರ್ಷದ ಕೊನೆಗೆ ಅವರು ಕೆಲಸ ಬಿಡುವುದೆಂದು ಗಟ್ಟಿಯಾಗಿತ್ತು. ಅವರ ಜಾಗಕ್ಕೆ ಬರಲು ಯಾರೂ ಸಿಕ್ಕಿರಲಿಲ್ಲ, ಸಿಗುವಂತೆಯೂ ಇರಲಿಲ್ಲ.

"ನೋಡಮ್ಮ," ಎಂದರು. "ಇಲಾಖೆಯಿಂದ ಅಧಿಕಾರಿ ಬರ್ತಾರೆ. ನೀನು ಒಪ್ಪಿದ್ರೆ ಈ ಬಾಗಿಲು ತೆರೆದಿರುತ್ತೆ. ಒಲ್ಲೆ ಅಂದ್ರೆ ಬೀಗ. ನನ್ನ ಬಲವಂತ ಏನಿಲ್ಲ. ಅಲ್ಲಿವರೆಗೆ ನಿನ್ನ ಚೀಟಿಗೆ ನೀನೇ ಸಹಿ ಹಾಕು. ಪರದೆ ಹಿಂದೆ ಬರಬೇಡ."

ಬೀಗ ಬಿದ್ದರೆ ಏನೆಂದು ಎಲ್ಲರಿಗೂ ಗೊತ್ತಿತ್ತು. ಪೇಟೆಯ ದೊಡ್ಡಾಸ್ಪತ್ರೆಗೆ ಅಲ್ಲಿಳಿದು ಇನ್ನೊಂದು ಬಸ್ ಹಿಡಿಯಬೇಕು; ಹೋದರೆ ಒಂದು ದಿನದ ಕೂಲಿ ಹೋಯಿತು. ಅತ್ತೆಯಂಥ ಮಂಡಿಯವರು ಹೋಗುವುದೇ ಇಲ್ಲ.

ಅವಳು ಸಹಿ ಹಾಕಲು ಶುರುಮಾಡಿದಳು. ಆಗ ಯಾರೂ ಎಣಿಸದ ಒಂದು ಸಂಗತಿ ನಡೆಯಿತು. ಡಾಕ್ಟರರ ಹೆಸರಿನಲ್ಲಿ ಇಷ್ಟು ವರ್ಷ ಅಳುಕದೆ ಹೇಳುತ್ತಿದ್ದ ಮಾತು ತನ್ನ ಹೆಸರಿನಲ್ಲಿ ಗಂಟಲಿನಿಂದ ಏಳದಾಯಿತು. ಕಿವಿ ನೋವೆಂದು ಬಂದವನ ಕಿವಿಗೆ ದೀಪ ಹಿಡಿದು ನೋಡುವಳು, ಕಾಣುವುದೆಲ್ಲ ಕಾಣುವುದು, ಆಮೇಲೆ, "ಯಾವುದಕ್ಕೂ ಪೇಟೆಗೆ ಹೋಗಿ ತೋರಿಸಿಬಿಡಿ" ಎನ್ನುವಳು. ಕಾಲಿನ ಹುಣ್ಣಿಗೂ ಪೇಟೆ. ವಾರದ ಜ್ವರಕ್ಕೂ ಪೇಟೆ. ಕಾನೂನು ಅವಳ ಅಧಿಕಾರವನ್ನು ಹಿಗ್ಗಿಸಿತು, ಅವಳ ಕೈ ಕುಗ್ಗಿತು.

ಪೇಟೆ ಬಸ್ಸಿನ ಕಂಡಕ್ಟರ್ ಬೆಂಚಿನ ಮೇಲೆ ಕೂತು ಎಲ್ಲರಿಗೂ ಕೇಳುವಂತೆ ಹೇಳಿದ. "ನಮ್ಮ ಬಸ್ ಇತ್ತೀಚೆಗೆ ಭರ್ತಿ. ಓನರ್ ಕೇಳಿದ್ರು, ಏನಪ್ಪಾ ಸಮಾಚಾರ ಅಂತ. ಅಸಿಸ್ಟೆಂಟಮ್ಮ ನಮ್ಮ ಏಜೆಂಟು ಅಂದೆ."

ಅವನದು ಬರೀ ನೆಗಡಿ. ಅವನನ್ನೂ ಅವಳು ಪೇಟೆಗೆ ಹೋಗಿ ಎಂದಳು.

"ಹೋಗ್ತಾನೇ ಇದ್ದೀನಿ ತಾಯಿ, ದಿನಾ ನಾಲ್ಕು ಸಲ."

ಪರದೆಯ ಹಿಂದಿನಿಂದ ಡಾಕ್ಟರು ಇದನ್ನೆಲ್ಲ ಕೇಳಿಸಿಕೊಳ್ಳುತ್ತಿದ್ದರು. ಮಧ್ಯಾಹ್ನ ಬೆಂಚು ಖಾಲಿಯಾದ ಮೇಲೆ ಹೇಳಿದರು. "ನನ್ನ ಹೆಸರಲ್ಲಿ ಹುಲಿಯಾಗಿದ್ದೆ. ನಿನ್ನ ಹೆಸರಲ್ಲಿ ಇಲಿಯಾದೆಯಲ್ಲಮ್ಮ."

"ತಪ್ಪಾದ್ರೆ ಸರ್?"

"ಮೊದಲು ಆಗ್ತಿರಲಿಲ್ವಾ?"

ಮೊದಲೂ ಆಗುತ್ತಿದ್ದಿರಬಹುದು. ಆದರೆ ಆಗ ಗೂಬೆ ಕೂರಲು ಇನ್ನೊಂದು ತಲೆ ಇತ್ತು. ತನ್ನ ಹಿಂದೆ, ಪರದೆಯಾಚೆ, ತನಗಿಂತ ಹೆಚ್ಚು ಓದಿದವರೊಬ್ಬರು ತನ್ನ ಚೀಟಿಯನ್ನು ಇನ್ನೊಮ್ಮೆ ನೋಡುತ್ತಾರೆ ಎಂಬುದು ಬೆನ್ನಿಗೆ ಗೋಡೆಯಿದ್ದ ಹಾಗಿತ್ತು. ಒರಗಿಕೊಳ್ಳುತ್ತಿದ್ದಳೆಂದು ಅವಳಿಗೆ ಗೊತ್ತಾದದ್ದು ಗೋಡೆ ಸರಿದ ಮೇಲೆ.

ಇದೇ ದಿನಗಳಲ್ಲಿ ಒಂದು ಬೆಳಿಗ್ಗೆ ಟೈಲರಕ್ಕ ಬಂದಳು. ಬಸ್ ನಿಲ್ದಾಣದ ಎದುರು, ಕಾಲಿನಿಂದ ತುಳಿಯುವ ಹಳೆಯ ಮಿಷನ್ನು ಇಟ್ಟುಕೊಂಡು ಬೆಳಗಿನಿಂದ ಸಂಜೆಯವರೆಗೆ ಹೊಲಿಯುವ ಹೆಂಗಸು. ಕೊರಳಲ್ಲಿ ಸದಾ ಅಳತೆಯ ಟೇಪು. ಬಾಯಿ ಜೋರು ಎಂದು ಊರೆಲ್ಲ ಹೇಳುತ್ತಿತ್ತು, ಹೊಲಿಗೆಯ ಬಗ್ಗೆ ಯಾರೂ ಏನೂ ಹೇಳುವಂತಿರಲಿಲ್ಲ.

"ಈ ಕೆಮ್ಮಿಗೊಂದು ಗತಿ ಕಾಣಿಸು ತಂಗಿ. ಕೆಮ್ಮಿದಾಗಲೆಲ್ಲ ಗೆರೆ ಸೊಟ್ಟ ಹೋಗುತ್ತೆ. ನಿನ್ನೆ ಒಬ್ಬಳ ತೋಳು ಬಿಚ್ಚಿ ಮತ್ತೆ ಹಾಕಿದೆ."

ಅವಳು ಎದೆಗೆ, ಬೆನ್ನಿಗೆ ಸ್ಟೆತಾಸ್ಕೋಪ್ ಇಟ್ಟು ಕೇಳಿದಳು. ಗಾಳಿ ಸರಾಗವಾಗಿ ಆಡುತ್ತಿತ್ತು. ಕಫವಿಲ್ಲ, ಜ್ವರವಿಲ್ಲ, ತೂಕ ಇಳಿದಿಲ್ಲ. ಒಣಕೆಮ್ಮು, ಗಂಟಲಲ್ಲಿ ಕೂದಲು ಸಿಕ್ಕಿಕೊಂಡ ಹಾಗೆ. ಯಾವಾಗಿನಿಂದ ಎಂದು ಕೇಳಿದಳು. ಬಿಪಿಗೆ ಹೊಸ ಮಾತ್ರೆ ಶುರುವಾದ ತಿಂಗಳಿಂದ. ಆ ಮಾತ್ರೆ ಕೆಲವರಿಗೆ ಒಣಕೆಮ್ಮು ತರಿಸುತ್ತದೆಂದು ಅವಳಿಗೆ ಗೊತ್ತಿತ್ತು. ಆ ಕಸುಬಿನ ಎಲ್ಲರಿಗೂ ಗೊತ್ತಿರುವ ಸಂಗತಿ ಅದು. ಅದನ್ನು ನಿಲ್ಲಿಸಿ ಬೇರೆಯದನ್ನು ಕೊಟ್ಟರೆ ಮುಗಿಯಿತು.

ಪೇಟೆಗೆ ಹೋಗಿ ಎನ್ನಲು ಬಾಯಿ ತೆರೆದಳು. ಟೈಲರಕ್ಕ ಅಂಗಡಿ ಮುಚ್ಚಿ ಪೇಟೆಗೆ ಹೋಗುವವಳಲ್ಲ. ಹಾಗಾದರೆ ಮಾತ್ರೆ ಬದಲಿಸಿ ಎನ್ನಬೇಕು. ಅದೂ ಬರಲಿಲ್ಲ. ಬಂದದ್ದು ಹಳೆಯ ಮಾತು.

"ಒಂದು ನಿಮಿಷ ಅಕ್ಕ, ಕೇಳ್ಕೊಂಡು ಬರ್ತೀನಿ."

ಎದ್ದಳು. ಪರದೆ ಸರಿಸಿ ಒಳಗೆ ಹೋದಳು. ಬೆತ್ತದ ಕುರ್ಚಿ ಖಾಲಿಯಿತ್ತು. ಕೂತು ಕೂತು ಗುಳಿಬಿದ್ದ ದಿಂಬು, ಅದರ ಮೇಲೆ ಮಡಚಿಟ್ಟ ಪತ್ರಿಕೆ, ಪತ್ರಿಕೆಯ ಮೇಲೆ ಭೂತಗನ್ನಡಿ. ಡಾಕ್ಟರು ಕಣ್ಣು ತೋರಿಸಲು ಪೇಟೆಗೆ ಹೋಗಿದ್ದರು. ಹಾಗೆಂದು ನಿನ್ನೆಯೇ ಹೇಳಿದ್ದರು. ಅವಳು ಅಲ್ಲೇ ನಿಂತಳು. ಮೂಲೆಯ ಬೇಸಿನ್ನಿನಲ್ಲಿ ನಲ್ಲಿ ತೊಟ್ಟಿಕ್ಕುತ್ತಿತ್ತು. ಡಾಕ್ಟರು ಯೋಚಿಸಲು ತೆಗೆದುಕೊಳ್ಳುತ್ತಿದ್ದಷ್ಟು ಹೊತ್ತು ನಿಂತು, "ಸರಿ ಸರ್" ಎಂದು ತನ್ನ ತುಟಿಗಳು ಆಡಿದ್ದು ಅವಳಿಗೇ ಕೇಳಿಸಿತು. ಹೊರಗೆ ಬಂದಳು.

"ಡಾಕ್ಟರು ಹೇಳಿದ್ರು, ಆ ಮಾತ್ರೆಯಿಂದಲೇ ಕೆಮ್ಮು ಬರ್ತಿದೆ, ಅದನ್ನ ನಿಲ್ಸಿ ಇದನ್ನ ತಗೊಳ್ಳಿ ಅಂತ."

ಟೈಲರಕ್ಕ ಅವಳನ್ನೇ ನೋಡಿದಳು. "ಯಾವ ಡಾಕ್ಟರು?"

"ನಮ್ಮ ಡಾಕ್ಟರು."

"ಬೆಳಿಗ್ಗೆ ಅವರನ್ನ ಪೇಟೆ ಬಸ್ಸಿಗೆ ಹತ್ತಿಸಿದ್ದು ನಾನು. ಪಾಪ, ಮೆಟ್ಟಿಲು ಕಾಣದೆ ತಡವರಿಸ್ತಿದ್ರು, ಕೈ ಹಿಡ್ಕೊಂಡೆ. ಕಿಟಕಿ ಪಕ್ಕ ಕೂತ್ರು. ನಾನು ಬರೋ ದಾರೀಲಿ ಅವರು ಇಳಿದು ಓಡಿ ಬಂದ್ರಾ?"

ಟೈಲರಕ್ಕ ಎದ್ದು ಹೋಗಿ ಪರದೆಯನ್ನು ಒಂದೇ ಎಳೆತಕ್ಕೆ ಸರಿಸಿದಳು. ಬಟ್ಟೆ ಎಳೆದು ಪಳಗಿದ ಕೈ; ಪರದೆಯ ಬಳೆಗಳೆಲ್ಲ ಕಂಬಿಯ ತುದಿಗೆ ಹೋಗಿ ಕೂತವು.

"ಕುರ್ಚಿ," ಎಂದಳು. "ಕುರ್ಚಿನ ಕೇಳ್ಕೊಂಡು ಬಂದಿದ್ದಾಳೆ."

ಮೊದಲು ಒಬ್ಬರು ನಕ್ಕರು, ಆಮೇಲೆ ಎಲ್ಲರೂ. ಅವಳೂ ಸ್ವಲ್ಪ ನಕ್ಕಳು. ನಗದಿದ್ದರೆ ಇನ್ನೂ ಕೆಟ್ಟದಾಗಿರುತ್ತಿತ್ತು. ನಗು ಇಳಿಯುತ್ತಿದ್ದಾಗ ಮೂಲೆಯಲ್ಲಿದ್ದ ಮುದುಕನೊಬ್ಬ, ಸಿಟ್ಟಿಲ್ಲದೆ, ತಿಳಿದುಕೊಳ್ಳಲೆಂದೇ ಕೇಳಿದ.

"ಹಾಗಾದ್ರೆ ಹೋದ ವರ್ಷ ನನಗೆ ಹೇಳಿದ್ದು? ಅದು ಡಾಕ್ಟರೋ, ಕುರ್ಚಿಯೋ?"

ಅದಕ್ಕೆ ಯಾರೂ ನಗಲಿಲ್ಲ.

ಮುಖ ಬಿಸಿಯಾಗಿ, ಅವಳು ಗಡಬಡಿಸಿ ಚೀಟಿ ಬರೆದು, ಸಹಿ ಹಾಕಿ ಟೈಲರಕ್ಕನ ಕೈಗಿಟ್ಟಳು. ಹೊಸ ಮಾತ್ರೆ ಕೊಡುವಾಗ ಹೇಳಬೇಕಾದ ಒಂದು ಮಾತು ಆ ಗಡಿಬಿಡಿಯಲ್ಲಿ ಉಳಿದುಹೋಯಿತು. ಟೈಲರಕ್ಕ ಚೀಟಿಯನ್ನು ಮಡಚಿಕೊಂಡಳು. "ಡಾಕ್ಟರು ಬರಲಿ. ಕುರ್ಚಿ ಮಾತು ಕೇಳಿ ಮಾತ್ರೆ ನುಂಗೋಷ್ಟು ಮರುಳು ನನಗಿನ್ನೂ ಹಿಡಿದಿಲ್ಲ."

ಅಸಿಸ್ಟೆಂಟಮ್ಮ ಮನೆ ಮುಟ್ಟುವ ಮೊದಲೇ ಮಾತು ಮನೆ ಮುಟ್ಟಿತ್ತು. ಅತ್ತೆ ಬಾಗಿಲಲ್ಲೇ ಕೂತಿದ್ದಳು.

"ಬಾಮ್ಮ. ಕುರ್ಚಿ ಏನಂತು ನನ್ನ ಮಂಡಿಗೆ?"

ಊಟಕ್ಕೆ ಕೂತಾಗ ಅವಳು ಗಂಡನಿಗೆ ಹೇಳಿದಳು. "ಅಧಿಕಾರಿ ಬಂದಾಗ ಒಲ್ಲೆ ಅಂತೀನಿ."

ಗಂಡ ಯೋಚಿಸಿದ. ಅವನ ಉಗುರಿನ ಸಂದಿಯಲ್ಲಿ ವಾರ್ನಿಷ್ ಇತ್ತು. "ನನ್ನ ಕೆಲಸದಲ್ಲಿ ಸುಟ್ಟುಹೋದ್ರೆ ಬಿಚ್ಚಿ ಮತ್ತೆ ಸುತ್ತಬಹುದು. ನಿನ್ನದು ಹಾಗಲ್ಲ. ಬೇಡ ಅನ್ನಿಸಿದ್ರೆ ಬೇಡ."

"ಅವನಿಗೇನು, ಬೇಡ ಅಂತಾನೆ," ಎಂದಳು ಅತ್ತೆ. "ಅವನ ಮಂಡಿ ನೆಟ್ಟಗಿದೆ. ಬಸ್ ಬದಲಿಸಿ ಹೋಗೋಳು ನಾನು. ನೆಗಡಿಯಾಯ್ತು ಅಂತ ಮೂಗೇ ಕೊಯ್ಕೊಳ್ತಾರಾ ಯಾರಾದ್ರೂ? ನಕ್ರು, ನಗಲಿ. ನಾನೂ ನಕ್ಕೆ."

"ನಗೋದಕ್ಕಲ್ಲ ಅತ್ತೆ."

"ಮತ್ಯಾಕೆ?"

ಅವಳು ಅನ್ನ ಕಲಸುತ್ತ ಕೂತಳು. ಅವಳಿಗೆ ಕಾಣುತ್ತಿದ್ದದ್ದು ಬೆಂಚಿನವರ ನಗುವಲ್ಲ, ಮುದುಕನ ಮುಖ.

ಡಾಕ್ಟರು ಮರಳಿದ ದಿನ ಟೈಲರಕ್ಕ ಎಲ್ಲರಿಗಿಂತ ಮೊದಲು ಬಂದು ಕೂತಿದ್ದಳು. ನೇರ ಪರದೆಯ ಹಿಂದೆ ಹೋಗಿ ಚೀಟಿ ಚಾಚಿದಳು. "ನೀವೇ ಹೇಳಿ. ಇದು ಸರಿಯಾ?"

ಡಾಕ್ಟರು ಚೀಟಿಯನ್ನು ಮುಟ್ಟಲಿಲ್ಲ. "ಸಹಿ ಯಾರದು?"

"ಅವಳದೇ."

"ಇನ್ನೊಬ್ಬರ ಸಹಿಯ ಮೇಲೆ ನಾನು ಮಾತಾಡಲ್ಲ."

"ಅಂದ್ರೆ ಸರಿಯಿಲ್ಲ ಅಂತಾನಾ?"

"ಮಾತಾಡಲ್ಲ ಅಂತ. ಕೇಳಬೇಕಾದವಳು ಹೊರಗೆ ಕೂತಿದ್ದಾಳೆ."

"ಚೆನ್ನಾಗಿದೆ ನಿಮ್ಮ ನ್ಯಾಯ. ಅವಳು ಒಳಗೆ ಕಳಿಸ್ತಾಳೆ, ನೀವು ಹೊರಗೆ ಕಳಿಸ್ತೀರಿ. ನನ್ನ ಕೆಮ್ಮು ಬಾಗಿಲಲ್ಲಿ ನಿಂತಿರ್ಬೇಕಾ?" ಎಂದು ಟೈಲರಕ್ಕ ಕೆಮ್ಮುತ್ತಲೇ ಹೊರಟುಹೋದಳು. ಬೀದಿಯ ಆ ಬದಿಯವರೆಗೂ ಅವಳ ಕೆಮ್ಮು ಕೇಳುತ್ತಿತ್ತು.

ಅಸಿಸ್ಟೆಂಟಮ್ಮ ಪರದೆಯ ಹಿಂದೆ ಹೋದಳು, ಈ ಸಲ ಕೇಳಲಿಕ್ಕೇ. "ಒಂದು ಹೌದು ಅಂದಿದ್ರೆ ಆಗ್ತಿತ್ತಲ್ಲ ಸರ್. ಮಾತ್ರೆ ಸರಿಯಾಗೇ ಇದೆ."

"ಇರಬಹುದು. ನನಗೆ ಚೀಟಿ ಕಾಣಲ್ಲಮ್ಮ."

ಅವಳ ಕಣ್ಣು ಅವರ ಮಡಿಲಿನ ಪತ್ರಿಕೆಯ ಮೇಲೆ ಹೋಯಿತು.

"ಬೇಸಿಗೆಯಿಂದ ಕಾಣಲ್ಲ," ಎಂದರು ಡಾಕ್ಟರು, ಪದಬಂಧದ ಪತ್ರಿಕೆಯನ್ನು ಮಡಿಲಲ್ಲಿ ನೆಟ್ಟಗೆ ಮಾಡಿಕೊಳ್ಳುತ್ತ. "ಇದೂ ಅಷ್ಟೆ, ಸುಮ್ಮನೆ ಹಿಡ್ಕೊಂಡಿರ್ತೀನಿ. ನೀನು ಹೇಳಿದ್ದನ್ನ ಕೇಳ್ತಿದ್ದೆ, ಅದು ನಿಜ. ಆದ್ರೆ ನೀನು ಬರೆದದ್ದನ್ನ ಓದಿ ಸಹಿ ಹಾಕ್ತಿರಲಿಲ್ಲ. ಇದನ್ನ ಆಗಲೇ ಹೇಳಬೇಕಿತ್ತು. ಹೇಳಿದ್ರೆ ಆವತ್ತೇ ಬೀಗ ಬೀಳ್ತಿತ್ತು."

ನಲ್ಲಿ ತೊಟ್ಟಿಕ್ಕುತ್ತಿತ್ತು. ಅವಳು ಹೋಗಿ ಅದನ್ನು ಬಿಗಿಯಾಗಿ ತಿರುಗಿಸಿದಳು. ಬೇಸಿಗೆ, ಮಳೆಗಾಲ, ಅದಾದ ಮೇಲಿನ ದಿನಗಳು. ಎಷ್ಟು ಸಲ ಈ ಕುರ್ಚಿಯ ಮುಂದೆ ನಿಂತು, ನೋಡಿದ್ದಾರೆ ಎಂದು ನಿರಾಳವಾಗಿ ಹೊರಗೆ ಹೋಗಿದ್ದಳು. ಒಂದು ಸೊನ್ನೆ ಹೆಚ್ಚು ಬಿದ್ದಿದ್ದರೂ ಯಾರಿಗೂ ಕಾಣುತ್ತಿರಲಿಲ್ಲ. ಬಿದ್ದಿರಲಿಲ್ಲ ಎಂಬುದು ಅವಳಿಗೆ ಸಮಾಧಾನ ಕೊಡಲಿಲ್ಲ. ಕತ್ತಲಲ್ಲಿ ದಾಟಿ ಬಂದ ಹಲಗೆಯನ್ನು ಬೆಳಕಿನಲ್ಲಿ ತಿರುಗಿ ನೋಡಿದ ಹಾಗಿತ್ತು.

ಒಲ್ಲೆ ಎನ್ನುವುದು ಆ ದಿನ ಅವಳೊಳಗೆ ಗಟ್ಟಿಯಾಯಿತು. ಮಾತುಗಳನ್ನೂ ಹೊಂದಿಸಿಟ್ಟುಕೊಂಡಳು. ಬಟ್ಟೆ ಒಗೆಯುವಾಗ, ದಾರಿ ನಡೆಯುವಾಗ ಮನಸ್ಸಿನಲ್ಲೇ ಹೇಳಿಕೊಂಡು ನೋಡುವಳು: ಇಲಾಖೆ ಇಟ್ಟ ನಂಬಿಕೆಗೆ ವಂದನೆ, ಆದರೆ ಒಬ್ಬಳೇ ಹೊರುವಷ್ಟು ನಾನಿಲ್ಲ.

ಅಧಿಕಾರಿ ಬಂದದ್ದು ಇದಾಗಿ ಕೆಲವು ವಾರಗಳ ಮೇಲೆ, ಬೆಂಚು ತುಂಬಿದ್ದ ಹೊತ್ತಿಗೆ. ನಡುವಯಸ್ಸಿನವರು, ಸಭ್ಯರು, ಕೈಯಲ್ಲಿ ಟ್ಯಾಬು. ಕಿಟಕಿಯ ಪಕ್ಕದ ಸ್ಟೂಲಿನ ಮೇಲೆ ಕೂತು, ಗೋಡೆಯ ತೇವವನ್ನೂ ಔಷಧಿಯ ಬೀರುವನ್ನೂ ಒಮ್ಮೆ ನೋಡಿ, ಅವಳನ್ನು ಕರೆದರು. ಡಾಕ್ಟರೂ ಪರದೆಯ ಬಳಿಗೆ ಬಂದು, ಗೋಡೆಯ ಅಂಚನ್ನು ಹಿಡಿದು ನಿಂತರು.

"ಮೇಡಂ, ಒಂದೇ ಪ್ರಶ್ನೆ. ಕ್ಲಿನಿಕ್ ಜವಾಬ್ದಾರಿ ತಗೋತೀರಾ ಇಲ್ವಾ? ನಿಮ್ಮ ಉತ್ತರದ ಮೇಲೆ ಮಿಕ್ಕಿದ್ದು."

"ಇಲಾಖೆ ನನ್ನ ಮೇಲೆ ಇಟ್ಟ ನಂಬಿಕೆಗೆ," ಎಂದು ಅವಳು ಶುರುಮಾಡಿದ್ದಳು.

ಬಾಗಿಲಲ್ಲಿ ಟೈಲರಕ್ಕ ಕಾಣಿಸಿಕೊಂಡಳು. ನಡಿಗೆ ಭಾರ, ಮುಖ ಕೆಂಪು. ಬೆಂಚಿನವರು ಎದ್ದು ಜಾಗ ಬಿಟ್ಟರು. ಅವಳು ಕೂರಲಿಲ್ಲ. ಅಧಿಕಾರಿಯ ಕಡೆಗಾಗಲಿ, ಡಾಕ್ಟರರ ಕಡೆಗಾಗಲಿ ನೋಡಲೂ ಇಲ್ಲ. ನೇರ ಅಸಿಸ್ಟೆಂಟಮ್ಮನ ಮುಂದೆ ಬಂದು ಸೀರೆಯನ್ನು ಕಣಕಾಲಿನವರೆಗೆ ಎತ್ತಿದಳು.

"ನೋಡು. ನೋಡಿಲ್ಲಿ. ಇದು ಕಾಲಾ, ಕಂಬವಾ? ನಾನು ತುಳಿದು ಉಣ್ಣೋಳು. ಕೆಮ್ಮು ತಡೆಯೋಕಾಗ್ದೆ ನೀನು ಕೊಟ್ಟ ಮಾತ್ರೆ ತಗೊಂಡೆ. ಕೆಮ್ಮು ಹೋಯ್ತು, ಅದನ್ನ ಇಲ್ಲ ಅನ್ನಲ್ಲ. ಕಾಲು ಬಂತು. ಪೆಡಲ್ ಮೇಲೆ ಇಟ್ರೆ ನಂದೋ ಇನ್ನೊಬ್ಬರದೋ ಗೊತ್ತಾಗಲ್ಲ. ಏನು ಮಾಡಿಟ್ಟಿದ್ದೀಯ ನನ್ನ? ನೀನು ಬರೆದಿದ್ದು, ನೀನು ಹೇಳು."

ಅಧಿಕಾರಿ ಟ್ಯಾಬನ್ನು ತೊಡೆಯ ಮೇಲೆ ಇಳಿಸಿದರು. ಡಾಕ್ಟರು ಕದಲಲಿಲ್ಲ.

ಅವಳು ಬಗ್ಗಿ ಕೂತಳು. ಊದಿದ ಜಾಗಕ್ಕೆ ಹೆಬ್ಬೆರಳು ಒತ್ತಿ ಹಿಡಿದು ಬಿಟ್ಟಳು. ಗುಳಿ ಬಿತ್ತು, ನಿಧಾನವಾಗಿ ತುಂಬಿತು. ಎರಡು ಕಾಲಿಗೂ ಒಂದೇ ತರಹ. "ಮೆಟ್ಟಿಲು ಹತ್ತಿದ್ರೆ ಉಸಿರು ಕಟ್ಟುತ್ತಾ ಅಕ್ಕ?"

"ಇಲ್ಲ."

"ಮಲಗಿದ್ರೆ?"

"ಮಲಗಿದ್ರೆ ನಿದ್ದೆ ಬರುತ್ತೆ. ಇನ್ನೇನು ಬರಬೇಕು?"

ಮಂಚದ ಮೇಲೆ ಮಲಗಿಸಿ ಎದೆ ಕೇಳಿದಳು. ಕೊರಳ ನರ ನೋಡಿದಳು. ಬಿಪಿ ಪಟ್ಟಿ ಸುತ್ತಿ ಗಾಳಿ ತುಂಬಿ, ಕಿವಿಗೊಟ್ಟು, ಇಳಿಸಿದಳು. ಇದೆಲ್ಲ ಆಗುವವರೆಗೆ ಟೈಲರಕ್ಕನ ಬಾಯಿ ನಿಂತಿರಲಿಲ್ಲ. ಊರಿಗೆಲ್ಲ ಪೇಟೆ ತೋರಿಸುತ್ತಿದ್ದವಳು ತನಗೊಬ್ಬಳಿಗೆ ಇಲ್ಲೇ ಮದ್ದು ಕೊಟ್ಟಳೆಂದೂ, ಕುರ್ಚಿಯಾಗಿದ್ದರೆ ಇದಕ್ಕಿಂತ ಚೆನ್ನಾಗಿ ಬರೆಯುತ್ತಿತ್ತೆಂದೂ ಹೇಳುತ್ತಲೇ ಇದ್ದಳು. ಅಸಿಸ್ಟೆಂಟಮ್ಮನಿಗೆ ಆ ಬೈಗುಳದ ನಡುವೆ ಒಂದು ವಿಚಿತ್ರ ಕಾಣಿಸಿತು. ಡಾಕ್ಟರು ಮೂರು ಹೆಜ್ಜೆ ದೂರದಲ್ಲಿ ನಿಂತಿದ್ದರು. ಟೈಲರಕ್ಕ ಅವರನ್ನು ಕೇಳಲಿಲ್ಲ. ಬೈಯುವುದಕ್ಕೂ ಕೇಳುವುದಕ್ಕೂ ಅವಳು ಇವಳನ್ನೇ ಹುಡುಕಿಕೊಂಡು ಬಂದಿದ್ದಳು.

"ಆ ಮಾತ್ರೆ ಕೆಲವರಿಗೆ ಹೀಗೆ ಮಾಡುತ್ತೆ," ಎಂದಳು. "ಕಾಲು ಕೆಳಗೆ ಬಿಟ್ಟು ಕೂತು ಕೆಲಸ ಮಾಡೋರಿಗೆ ಇನ್ನೂ ಹೆಚ್ಚು. ಕೊಡುವಾಗಲೇ ನಾನು ಹೇಳಬೇಕಿತ್ತು, ಹೇಳಲಿಲ್ಲ. ಎದೆಯಲ್ಲಿ ಏನೂ ತೊಂದರೆ ಇಲ್ಲ. ಇದನ್ನ ಬಿಡಿ, ಬೇರೆ ಬರೀತೀನಿ, ಅದು ಕೆಮ್ಮನ್ನೂ ಸಾಮಾನ್ಯವಾಗಿ ತರಲ್ಲ. ಅದಕ್ಕೊಂದು ರಕ್ತ ಪರೀಕ್ಷೆ ಬೇಕು, ಈಗಲೇ ತಗೋತೀನಿ. ಮುಂದಿನ ವಾರ ಬಂದು ತೋರಿಸ್ಬೇಕು."

"ಇದಕ್ಕೆ ಏನು ಊದುತ್ತೆ? ಮೂಗಾ?"

"ತುಟಿನೋ ಮುಖಾನೋ ಊದಿದ್ರೆ ಆ ಕ್ಷಣ ನಿಲ್ಸಿ ಓಡಿ ಬನ್ನಿ. ಅಪರೂಪ. ಆದ್ರೂ ಹೇಳ್ತಿದ್ದೀನಿ. ಎದ್ದಾಗ ತಲೆ ಸುತ್ತಬಹುದು, ನಿಧಾನಕ್ಕೆ ಏಳಿ."

"ಈ ಸಲ ಎಲ್ಲ ಹೇಳ್ತಾಳೆ," ಎಂದು ಟೈಲರಕ್ಕ ಬೆಂಚಿನವರಿಗೆ ಹೇಳಿದಳು. "ಹೆದರಿಸಿ ಸಾಯಿಸೋ ಹಾಗೆ ಹೇಳ್ತಾಳೆ." ಆದರೆ ತೋಳನ್ನು ರಕ್ತ ಕೊಡಲು ಚಾಚಿದ್ದಳು.

ರಕ್ತ ತೆಗೆದು, ಹತ್ತಿ ಒತ್ತಿಸಿ, ಕಾಲೆರಡನ್ನೂ ಎತ್ತರದ ಇನ್ನೊಂದು ಸ್ಟೂಲಿನ ಮೇಲೆ ಇಡಿಸಿ, ಸ್ವಲ್ಪ ಹೊತ್ತು ಹಾಗೇ ಕೂರಿ ಎಂದಳು. ಕೈ ತೊಳೆದುಕೊಂಡು ಕಿಟಕಿಯ ಕಡೆಗೆ ಬಂದಳು. ಅಧಿಕಾರಿ ಕಾದಿದ್ದರು. ಅವರ ಮುಖದಲ್ಲಿ ಸಹಾನುಭೂತಿಯಿತ್ತು. ಇಂಥದ್ದನ್ನು ಅವರು ಬೇರೆ ಕಡೆಗಳಲ್ಲೂ ನೋಡಿದ್ದಿರಬೇಕು.

"ನಂಬಿಕೆಗೆ ಅಂತ ಏನೋ ಹೇಳ್ತಿದ್ರಿ ಮೇಡಂ. ನನಗೆ ಅರ್ಥವಾಯ್ತು. ಒಪ್ಪಿಗೆ ಇಲ್ಲ ಅಂತ ಹಾಕ್ಕೊಳ್ಳಲಾ?"

ಅವಳು ಒದ್ದೆ ಕೈಯನ್ನು ಕೋಟಿಗೆ ಒರೆಸಿಕೊಂಡಳು. ಹೊಂದಿಸಿಟ್ಟ ಮಾತುಗಳು ಇದ್ದಲ್ಲೇ ಇದ್ದವು, ಹೇಳಿದರೆ ಬರುತ್ತಿದ್ದವು. ಪರದೆಯ ಬಳಿ ಡಾಕ್ಟರು ಮುಖವನ್ನು ಅವಳ ಕಡೆಗೆ ತಿರುಗಿಸಿದರು. ಅವರಿಗೆ ಕಾಣುತ್ತಿದ್ದದ್ದು ಒಂದು ಬಿಳಿಯ ಆಕಾರವಷ್ಟೇ ಇರಬಹುದು.

"ಹಾಗೆ ಹಾಕ್ಕೊಂಡ್ರೆ ಮುಂದಿನ ವಾರ ಅಕ್ಕ ಯಾರನ್ನ ಬೈತಾರೆ?" ಎಂದಳು.

ಅಧಿಕಾರಿಗೆ ತಿಳಿಯಲಿಲ್ಲ. "ಏನಂದ್ರಿ?"

"ಒಪ್ಪಿಗೆ ಇದೆ ಅಂತ ಹಾಕ್ಕೊಳ್ಳಿ."

"ಖಂಡಿತಾನಾ? ತಪ್ಪಾದ್ರೆ ನಿಮ್ಮ ಮೇಲೇ ಬರುತ್ತೆ, ಅದನ್ನ ನಾನು ಬಾಯಿಬಿಟ್ಟು ಹೇಳಲೇಬೇಕು."

"ಬಂತಲ್ಲ ಈಗ. ನೀವೇ ನೋಡಿದ್ರಿ."

ಡಾಕ್ಟರು ಕೆಮ್ಮಿದಂತೆ ಒಂದು ಸದ್ದು ಮಾಡಿದರು. ನಗುವಿರಬೇಕು. ಅಧಿಕಾರಿ ಟ್ಯಾಬಿನ ಮೇಲೆ ಬೆರಳಿಟ್ಟು, ನಿಮ್ಮ ಕಡೆಯಿಂದ ಷರತ್ತು ಏನಾದರೂ ಇದ್ದರೆ ಈಗಲೇ ಹೇಳಬೇಕೆಂದರು.

"ಒಂದಿದೆ," ಎಂದಳು ಅವಳು. "ವರ್ಷ ತುಂಬದ ಮಕ್ಕಳ ವಿಷಯದಲ್ಲಿ ನನ್ನ ಕೈ ಇನ್ನೂ ಅಷ್ಟು ಪಳಗಿಲ್ಲ. ಅದಕ್ಕೆ ದೊಡ್ಡಾಸ್ಪತ್ರೆ ಮಕ್ಕಳ ಡಾಕ್ಟರು ಫೋನಿಗೆ ಸಿಗಬೇಕು. ಯಾವಾಗ ಬೇಕಾದ್ರೂ ಅಲ್ಲ, ಆದ್ರೆ ಬೆಳಿಗ್ಗೆ ಕ್ಲಿನಿಕ್ ತೆರೆದಾಗಿನಿಂದ ಕಡೇಪಕ್ಷ" ಎನ್ನುತ್ತಿದ್ದವಳು, ಮಂಚದ ಕಡೆ ಟೈಲರಕ್ಕ ಸ್ಟೂಲಿನಿಂದ ಒಂದು ಕಾಲನ್ನು ಇಳಿಸಿ ಚಪ್ಪಲಿ ತಡಕುವುದನ್ನು ಕಂಡು, ಮಾತನ್ನು ಅಲ್ಲೇ ಬಿಟ್ಟು ಅತ್ತ ನಡೆದಳು.